ಓದುಗರ ಪ್ರಶ್ನೆ: ದತ್ತು ಮಗು, ಕಾಗದಪತ್ರ, ತೊಟ್ಟಿಲು

ಪ್ರಶ್ನೆ: ಮದುವೆಯಾಗಿ 11 ವರ್ಷ. ನಮ್ಮ ಯಜಮಾನರಿಗೆ 44, ನನಗೆ 39. ಐವಿಎಫ್ ಕೈಕೊಟ್ಟಿತು. ಎಳೆ ಮಗುವನ್ನು ದತ್ತು ತೆಗೆದುಕೊಳ್ಳುವ ಆಸೆ. ‘ಸರ್ಕಾರದ ದಾರಿ ಹಿಡಿದರೆ ವರ್ಷಗಟ್ಟಲೆ ಕಾಯಬೇಕು, ನರ್ಸಿಂಗ್ ಹೋಮ್‌ನಿಂದ ನೇರವಾಗಿ ಕೊಡಿಸ್ತೀನಿ’ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಏನು ಮಾಡೋಣ? – ಓದುಗರು, ಚಳ್ಳಕೆರೆ

ಉತ್ತರ: ಆ ಪರಿಚಯದವರಿಗೆ ಇವತ್ತೇ ಬೇಡ ಎಂದುಬಿಡಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಹಾಗೆ ಮಗು ಪಡೆದವರಿಗೂ ಕೊಟ್ಟವರಿಗೂ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ದಂಡ, ಇಲ್ಲವೇ ಎರಡೂ. ಹಣ ಕೈಬದಲಾದರೆ ಅದು ಮಗುವಿನ ಮಾರಾಟ. ಶಿಕ್ಷೆ 5 ವರ್ಷದವರೆಗೆ, ಆಸ್ಪತ್ರೆ ಸಿಬ್ಬಂದಿ ಶಾಮೀಲಾಗಿದ್ದರೆ 3ರಿಂದ 7 ವರ್ಷ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಾನೂನಿನ ದಾರಿಯಲ್ಲಿ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಸಿಗುತ್ತದೆ. ಅದು ಕಳೆದ ಮೇಲಷ್ಟೇ ಮಕ್ಕಳ ಕಲ್ಯಾಣ ಸಮಿತಿ ‘ದತ್ತುವಿಗೆ ಮುಕ್ತ’ ಎಂದು ಘೋಷಿಸುತ್ತದೆ. ನರ್ಸಿಂಗ್ ಹೋಮ್ ದಾರಿಯಲ್ಲಿ ಆ ಘೋಷಣೆಯೇ ಇರುವುದಿಲ್ಲ. ಮಗು ನಿಮ್ಮನ್ನು ಅಮ್ಮ ಎನ್ನಲು ಕಲಿತ ಮೇಲೂ ಅದನ್ನು ವಾಪಸ್ ಒಯ್ಯಬಹುದು.

ಈಗ ವಯಸ್ಸಿನ ಲೆಕ್ಕ. 2 ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, 2ರಿಂದ 4 ವರ್ಷದ ಮಗುವಿಗೆ 90. ನಿಮ್ಮದು 83. ವರ್ಷಕ್ಕೆ ಎರಡು ಕೂಡುತ್ತಾ ಹೋಗುತ್ತದೆ: ಬರುವ ವರ್ಷ 85, ಅದರಾಚೆಯ ವರ್ಷ 87, ಅಲ್ಲಿಗೆ ಎಳೆ ಮಗುವಿನ ಅವಕಾಶ ಮುಗಿಯಿತು. ಲೆಕ್ಕಕ್ಕೆ ಹಿಡಿಯುವುದು ನೋಂದಣಿ ದಿನದ ವಯಸ್ಸನ್ನು. ಆದ್ದರಿಂದ ‘ಇನ್ನೊಂದು ಸಲ ಐವಿಎಫ್ ನೋಡಿ ಆಮೇಲೆ’ ಎಂದು ನೋಂದಣಿ ಮುಂದೂಡಬೇಡಿ.

ನೋಂದಣಿ ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಪೋರ್ಟಲ್‌ನಲ್ಲಿ. ಇಬ್ಬರ ಫೋಟೊ, ಪ್ಯಾನ್, ಜನನ ದಾಖಲೆ, ವಿಳಾಸ, ಆದಾಯ, ವೈದ್ಯಕೀಯ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ ಬೇಕು. ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆ ಪತ್ರದಲ್ಲಿ ಇನ್ನೊಂದು. ಮೊದಲು ಅದನ್ನು ಸರಿಮಾಡಿಸಿ, ಏಕೆಂದರೆ ದಾಖಲೆ ಪೂರ್ತಿಯಾಗದೆ ಸರದಿ ಶುರುವಾಗುವುದಿಲ್ಲ. ಮದುವೆ ನೋಂದಣಿ ಆಗಿರದಿದ್ದರೆ ಉಪನೋಂದಣಿ ಕಚೇರಿಯಲ್ಲಿ ಈಗಲೂ ಆಗುತ್ತದೆ.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಶುಲ್ಕ 6,000. ಬಿಪಿ, ಶುಗರ್, ಸಾಲ ಯಾವುದನ್ನೂ ಮುಚ್ಚಿಡಬೇಡಿ. ಬಡತನ, ಸಣ್ಣ ಕಾಯಿಲೆಗಿಂತ ಅತ್ತೆ ಮಾವನ ಮುನಿಸು ವರದಿಯನ್ನು ಹೆಚ್ಚು ಕೆಡಿಸುತ್ತದೆ. ವರದಿಗೆ 3 ವರ್ಷದ ಆಯುಷ್ಯ. ಎಳೆ ಮಗುವಿಗೆ ಕಾಯುವುದು ಅದಕ್ಕಿಂತ ಹೆಚ್ಚಾಗಬಹುದು, ನವೀಕರಿಸಲು ನೆನಪಿಡಿ.

ಮಗುವಿನ ವಿವರ ಬಂದಾಗ ಕಾಯ್ದಿರಿಸಲು ಸಿಗುವುದು 48 ಗಂಟೆ. ಸಿಮ್ ಬದಲಾಯಿಸಿ ಪೋರ್ಟಲ್‌ನಲ್ಲಿ ಹೊಸ ನಂಬರ್ ಕೊಡದವರು ಇಲ್ಲಿಯೇ ಮಗುವನ್ನು ಕಳೆದುಕೊಳ್ಳುತ್ತಾರೆ. ಕಾಯ್ದಿರಿಸಿದ ಮೇಲೆ 30 ದಿನದೊಳಗೆ ಹೋಗಿ ನೋಡಿ, ಒಪ್ಪಿಗೆ ಕೊಡಬೇಕು. ಮಗುವಿನ ವೈದ್ಯಕೀಯ ವರದಿಯನ್ನು ದಾವಣಗೆರೆಯ ನಿಮ್ಮ ನಂಬಿಕೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ತೂಕ, ತಲೆಸುತ್ತಳತೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ ಬಗ್ಗೆ ಕೇಳಿ. ಮಗುವನ್ನು ಕರೆತರುವಾಗ ಅದನ್ನು ಸಾಕುತ್ತಿದ್ದ ದತ್ತು ಸಂಸ್ಥೆಗೆ 50,000 ಕಟ್ಟಬೇಕು, ರಸೀದಿ ಸಮೇತ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ, ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ.

ಪ್ರಶ್ನೆ: ನಮಗೆ ಮಕ್ಕಳಿಲ್ಲ. ತಮ್ಮನ ಎರಡನೇ ಮಗನನ್ನು, ಆರು ವರ್ಷದವನು, 100 ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದ್ದೇವೆ. ಸಾಕಲ್ಲವೇ? – ಓದುಗರು, ದಾವಣಗೆರೆ

ಉತ್ತರ: ಸಾಲದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ (ಲಿಂಗಾಯತರಿಗೂ ಜೈನರಿಗೂ ಇದೇ ಅನ್ವಯ) ಪ್ರಕಾರ ದತ್ತು ಆಗಿದೆ ಎಂದು ಕೋರ್ಟು ಭಾವಿಸುವುದು, ಕೊಟ್ಟವರು ತೆಗೆದುಕೊಂಡವರು ಸಹಿ ಮಾಡಿ ನೋಂದಾಯಿಸಿದ ಪತ್ರವಿದ್ದರೆ. ನೋಟರಿ ಮುದ್ರೆಗೆ ಆ ಬಲ ಇಲ್ಲ. ತಮ್ಮ, ಅವರ ಹೆಂಡತಿ, ನೀವಿಬ್ಬರು ನಾಲ್ವರೂ ಉಪನೋಂದಣಿ ಕಚೇರಿಗೆ ಹೋಗಿ ದತ್ತುಪತ್ರ ಮಾಡಿಸಿ. ಕೊಟ್ಟು ತೆಗೆದುಕೊಂಡ ಶಾಸ್ತ್ರ ನಿಜವಾಗಿ ನಡೆದಿರಬೇಕು. ಫೋಟೊ, ಸಾಕ್ಷಿ ಇರಲಿ. ಆಸ್ತಿ ಪಾಲಿನ ಹೊತ್ತಿಗೆ ಕೆದಕುವುದು ಇದನ್ನೇ. ನಿಮಗೆ ಗಂಡುಮಗ ಇದ್ದಿದ್ದರೆ ಈ ಕಾಯ್ದೆಯಡಿ ಇನ್ನೊಬ್ಬ ಗಂಡುಮಗನನ್ನು ತೆಗೆದುಕೊಳ್ಳಲು ಬರುತ್ತಿರಲಿಲ್ಲ. ಆಗ ಬಾಲನ್ಯಾಯ ಕಾಯ್ದೆಯ ‘ಸಂಬಂಧಿಕರ ದತ್ತು’ ದಾರಿ.

ಪ್ರಶ್ನೆ: ಎಂಟು ತಿಂಗಳ ಹೆಣ್ಣುಮಗು ದತ್ತು ಬಂದು ವಾರವಾಯಿತು. ಹಾಲು ಕುಡಿಯಲ್ಲ, ರಾತ್ರಿಯೆಲ್ಲ ಅಳು. ನೆಂಟರು ತೊಟ್ಟಿಲು ಶಾಸ್ತ್ರ ಮಾಡಿ ಅಂತಾರೆ. – ಓದುಗರು, ಹೊಳಲ್ಕೆರೆ

ಉತ್ತರ: ಮೊದಲು ಮಗು ಇದ್ದ ಸಂಸ್ಥೆಗೆ ಫೋನ್ ಮಾಡಿ, ಯಾವ ಹಾಲಿನ ಪುಡಿ, ಬಾಟಲಿಯೋ ಒಳಲೆಯೋ, ಎಷ್ಟು ಹೊತ್ತಿಗೆ ಎಂದು ಕೇಳಿ. ಎರಡು ವಾರ ಅದನ್ನೇ ಕೊಡಿ. ‘ಮನೆ ಹಾಲೇ ಒಳ್ಳೇದು’ ಎಂದು ಆಕಳ ಹಾಲಿಗೆ ಹೋಗಬೇಡಿ, ಒಂದು ವರ್ಷದೊಳಗೆ ಅದು ಮುಖ್ಯ ಹಾಲಲ್ಲ. ಪುಡಿಯ ಅಳತೆ ಡಬ್ಬಿಯ ಮೇಲಿದ್ದಂತೆ, ಸಾಮಾನ್ಯವಾಗಿ 30 ಮಿಲಿ ಕುದಿಸಿ ಆರಿಸಿದ ನೀರಿಗೆ ಡಬ್ಬಿಯೊಳಗಿನ ಅಳತೆ ಚಮಚದಲ್ಲಿ ಒಂದು. ತೆಳ್ಳಗೆ ಮಾಡಿದರೆ ತೂಕ ಏರುವುದಿಲ್ಲ. ರಾಗಿ ಸರಿ ಅಲ್ಲಿ ಅಭ್ಯಾಸವಿತ್ತೇ ಕೇಳಿ. ಉಚ್ಚೆ ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ತೊಟ್ಟಿಲು ಶಾಸ್ತ್ರ ಒಂದು ತಿಂಗಳು ತಡೆಯಲಿ. ಈಗ ಊಟ, ಸ್ನಾನ, ಮಲಗಿಸುವುದು ನಿಮ್ಮಿಬ್ಬರ ಕೈಯಲ್ಲೇ ಇರಬೇಕು. ಐವತ್ತು ಕೈ ಎತ್ತಿಕೊಂಡರೆ ತನ್ನವರು ಯಾರೆಂದು ಮಗುವಿಗೆ ಗೊತ್ತಾಗುವುದು ತಡವಾಗುತ್ತದೆ. ಜಿಲ್ಲಾಧಿಕಾರಿ ಆದೇಶ ಬರುವವರೆಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಬೇಡ. ಲಸಿಕೆ ಕಾರ್ಡು, ತೂಕದ ಟಿಪ್ಪಣಿ ಒಂದೇ ಫೈಲಿನಲ್ಲಿ ಇಟ್ಟಿರಿ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಎಂದು ನೋಡಲು ಬರುವ ಸಮಾಜ ಕಾರ್ಯಕರ್ತರು ಅದನ್ನು ಕೇಳುತ್ತಾರೆ.