ಕತ್ತಾಳೆಯ ಬುಡ ಮೆತ್ತಗಾಗಿದ್ದರೆ

ಕಾರವಾರದ ಮಳೆಗೆ ಕುಂಡದ ಕತ್ತಾಳೆ ಬುಡದಿಂದ ಹಳದಿಯಾಗಿ ಮೆತ್ತಗಾಗುತ್ತಿದೆ ಅಂದಿರಲ್ಲ, ಅದು ಹೆಚ್ಚಾಗಿ ಬೇರು ಕೊಳೆತದ್ದು. ಸುಮ್ನೆ ಗೊಬ್ಬರ ಹಾಕಬೇಡಿ. ಮೊದಲು ನಡುವಿನ ಸುಳಿ ಹಿಡಿದು ಮೆಲ್ಲಗೆ ಎಳೆಯಿರಿ. ಕೈಗೇ ಕಿತ್ತು ಬಂದು ನಾತ ಹೊಡೆದರೆ ತಾಯಿ ಗಿಡದ ಆಸೆ ಬಿಡಿ, ಪಕ್ಕದ ಮರಿ ಗಟ್ಟಿ ಇದ್ದರೆ ಬಿಡಿಸಿಕೊಳ್ಳಿ. ಸುಳಿ ಗಟ್ಟಿ ಇದೆಯಾ? ಗಿಡ ಕಿತ್ತು ಮಣ್ಣು ಕೊಡವಿ, ಕಪ್ಪಾದ ಬೇರು, ಕೊಳೆತ ಎಲೆಯನ್ನೆಲ್ಲ ಕತ್ತರಿಸಿ. ಕೈಗವಸು ಹಾಕಿಕೊಳ್ಳಿ, ರಸ ತಾಗಿದರೆ ತುರಿಕೆ ಜಾಸ್ತಿ. ಜಗಲಿಯ ಗಾಳಿಗೆ ಒಂದು ವಾರ ಒಣಗಿಸಿ. ಈ ತೇವಕ್ಕೆ ಹತ್ತು ದಿನವೂ ಬೇಕಾಗಬಹುದು. ಆಮೇಲೆ ಮಣ್ಣಿನ ಕುಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣ ಜಲ್ಲಿ, ಒಡೆದ ಹೆಂಚಿನ ಚೂರು ಸೇರಿಸಿ ನೆಡಿ. ಸಮುದ್ರದಂಡೆಯ ಮರಳು ಬೇಡ, ಉಪ್ಪಿರುತ್ತದೆ. ಮಳೆ ಬೀಳದ, ಬೆಳಕಿರುವ ಜಾಗದಲ್ಲಿಡಿ. ವಾರ ಕಳೆದ ಮೇಲೆ ಸ್ವಲ್ಪವೇ ನೀರು ಕೊಡಿ.