ಓದುಗರ ಪ್ರಶ್ನೆ: ಒಬ್ಬ ಕ್ಯಾಪ್ಟನ್, ಐದು ಜನ ಮೇಷ್ಟ್ರು

ಪ್ರಶ್ನೆ: ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಪಶ್ಚಿಮ ಕರಾವಳಿವರೆಗೂ ಹೋಗಿ ಗಿಡ, ಪ್ರಾಣಿ, ನದಿ ಎಲ್ಲವನ್ನೂ ಬರೆದಿಟ್ಟರು ಅಂತ ಓದಿದೆ. ಇಬ್ಬರೂ ಸೈನ್ಯದವರು. ಇದನ್ನೆಲ್ಲ ಕಲಿಸಿದವರು ಯಾರು? ಒಬ್ಬ ವಿಜ್ಞಾನಿಯನ್ನೇ ಕಳಿಸಬಹುದಿತ್ತು ಅಲ್ವಾ?

ಉತ್ತರ: ಅಧ್ಯಕ್ಷ ಜೆಫರ್ಸನ್ ಕೂಡ ಇದನ್ನು ಯೋಚಿಸಿದ್ದರು. ಆದರೆ ಗಿಡ, ಖನಿಜ, ನಕ್ಷತ್ರ ಎಲ್ಲ ಬಲ್ಲವರು, ಜೊತೆಗೆ ಕಾಡಲ್ಲಿ ತಿಂಗಳುಗಟ್ಟಲೆ ಬಾಳುವ ಗಟ್ಟಿ ಜನ, ಎರಡೂ ಒಬ್ಬರಲ್ಲೇ ಸಿಗಲಿಲ್ಲ. ಹಾಗಾಗಿ 1803ರಲ್ಲಿ ತಮ್ಮ ಕಾರ್ಯದರ್ಶಿ ಕ್ಯಾಪ್ಟನ್ ಮೆರಿವೆದರ್ ಲೂಯಿಸ್ ಅವರನ್ನೇ ಆರಿಸಿ, ಪರಿಚಯದ ವಿದ್ವಾಂಸರಿಗೆ ಕಾಗದ ಬರೆದು ಪಾಠಕ್ಕೆ ಕಳಿಸಿದರು.

ಮೊದಲು ಲ್ಯಾಂಕಾಸ್ಟರ್ ಊರಲ್ಲಿ ಭೂಮಾಪಕ ಆಂಡ್ರ್ಯೂ ಎಲಿಕಾಟ್ ಅವರ ಪಾಠ. ಸೆಕ್ಸ್‌ಟೆಂಟ್ ಹಿಡಿದು ಸೂರ್ಯ, ಚಂದ್ರರ ಕೋನ ಅಳೆದು ತಾವಿರುವ ಜಾಗ ಗೊತ್ತುಮಾಡುವ ವಿದ್ಯೆ. ಫಿಲಡೆಲ್ಫಿಯಾದಲ್ಲಿ ಗಣಿತದ ರಾಬರ್ಟ್ ಪ್ಯಾಟರ್ಸನ್ ಅದನ್ನೇ ಮುಂದುವರಿಸಿದರು. ಕೆಲವೇ ವಾರದಲ್ಲಿ ಕಲಿಯುವಂಥದ್ದಲ್ಲ ಇದು. ಈ ಲೆಕ್ಕಕ್ಕೆ ಸರಿಯಾದ ಸಮಯ ಬೇಕು, ಆದರೆ ದಾರಿಯಲ್ಲಿ ಗಡಿಯಾರವೂ ಆಗಾಗ ನಿಂತುಹೋಯಿತು, ಮುಂದೆ ಹ್ಯಾಸ್ಲರ್ ಎಂಬ ಗಣಿತಜ್ಞರಿಗೆ ಆ ಲೆಕ್ಕಗಳನ್ನು ಕೊಟ್ಟರೆ ಅವರಿಗೂ ಅವು ಬಗೆಹರಿಯಲಿಲ್ಲ.

ಮೂಳೆ, ಪಳೆಯುಳಿಕೆ ಬಗ್ಗೆ ಕ್ಯಾಸ್ಪರ್ ವಿಸ್ಟಾರ್ ಹೇಳಿಕೊಟ್ಟರು. ವೈದ್ಯ ಬೆಂಜಮಿನ್ ರಷ್ ಆರೋಗ್ಯದ ಸೂಚನೆಗಳನ್ನು ಬರೆದುಕೊಟ್ಟರು: ಸ್ವಲ್ಪ ಹುಷಾರಿಲ್ಲ ಅನಿಸಿದರೂ ನಡೆಯಬೇಡಿ, ಮಲಗಿ. ದಿನಾ ಬೆಳಿಗ್ಗೆ ತಣ್ಣೀರಲ್ಲಿ ಕಾಲು ತೊಳೆಯಿರಿ. ಹಿಮ್ಮಡಿ ಎತ್ತರ ಇಲ್ಲದ ಬೂಟು ಹಾಕಿ. ಎಷ್ಟು ಒಳ್ಳೆಯ ಮಾತುಗಳು! ಅವರ ಭೇದಿ ಮಾಡಿಸುವ ಮಾತ್ರೆ ಮಾತ್ರ ಭಯಂಕರ. ಲೂಯಿಸ್ 50 ಡಜನ್ ಕೊಂಡರು, ಅದರಲ್ಲಿ ಪಾದರಸ ಇತ್ತು. ಮೊಂಟಾನಾದ ಟ್ರಾವೆಲರ್ಸ್ ರೆಸ್ಟ್‌ನಲ್ಲಿ ಅವರು ಬಿಡಾರ ಹೂಡಿದ್ದ ಕಡೆ ಪಾಯಿಖಾನೆ ಗುಂಡಿಯ ಮಣ್ಣಿನಲ್ಲಿ ಇನ್ನೂ ಪಾದರಸದ ಅಂಶ ಸಿಕ್ಕಿದೆ.

ನನ್ನ ಪ್ರಕಾರ ಜಾಸ್ತಿ ಫಲ ಕೊಟ್ಟದ್ದು ಸಸ್ಯಶಾಸ್ತ್ರಜ್ಞ ಬೆಂಜಮಿನ್ ಸ್ಮಿತ್ ಬಾರ್ಟನ್ ಅವರ ಪಾಠ. ಕಿತ್ತ ಗಿಡವನ್ನು ಕಾಗದದ ನಡುವೆ ಹರಡಿ, ಒತ್ತಿ ಒಣಗಿಸಿ, ಎಲ್ಲಿ, ಯಾವತ್ತು ಸಿಕ್ಕಿತು ಅಂತ ಪಕ್ಕದಲ್ಲೇ ಬರೆಯುವುದು. ಕೇಳಲು ಸುಲಭ, ಆದರೆ ದೋಣಿಯಲ್ಲಿ, ಮಳೆಯಲ್ಲಿ ಆ ಕಾಗದ ಒದ್ದೆಯಾಗದ ಹಾಗೆ ನೋಡಿಕೊಳ್ಳಬೇಕಲ್ಲ! ಹಾಗೆ ಉಳಿದುಬಂದ 200ಕ್ಕೂ ಹೆಚ್ಚು ಮಾದರಿಗಳು ಇವತ್ತಿಗೂ ಫಿಲಡೆಲ್ಫಿಯಾದಲ್ಲಿವೆ.

ಬಾರ್ಟನ್ 1803ರ ಜೂನ್‌ನಲ್ಲಿ ಲೂಸಿಯಾನಾ ಬಗ್ಗೆ ಒಂದು ಪುಸ್ತಕವನ್ನೂ ಎರವಲು ಕೊಟ್ಟಿದ್ದರು. ಲೂಯಿಸ್ ಅದನ್ನು ಪೆಸಿಫಿಕ್ ಸಾಗರದವರೆಗೂ ಒಯ್ದು, 1807ರ ಮೇ 9ರಂದು ಎರವಲು ಪಡೆದದ್ದು, ಒಯ್ದದ್ದು ಎಲ್ಲವನ್ನೂ ಆ ಪುಸ್ತಕದೊಳಗೇ ಬರೆದು ವಾಪಸ್ ಕೊಟ್ಟರು.