ರೊಟ್ಟಿ ಬಡಿಯುವ ಕೈಗೆ ಬೆಲೆ ಕಟ್ಟುವವರು ಯಾರು?

ಪತ್ರ: "ನಮ್ಮವ್ವ ಮನ್ಯಾಗ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡತಾಳ. ಹೋದ ತಿಂಗಳ ಸಂಜಿಮುಂದ, ಪೈಪ್ ಹಾಕಾಕ ತೋಡಿದ್ದ ಗುಂಡ್ಯಾಗ ಬಿದ್ದು ಬಲಗೈ ಮಣಿಕಟ್ಟು ಮುರೀತು. ಸುತ್ತ ಪಟ್ಟಿ ಇರಲಿಲ್ಲ, ದೀಪ ಇರಲಿಲ್ಲ. ಗುತ್ತಿಗೆದಾರರ ಕಡೆಯವರು ಬಂದು 5,000 ರೂಪಾಯಿ ಕೊಟ್ಟು, ಒಂದು ಕಾಗದಕ್ಕ ಸಹಿ ಮಾಡಿಸ್ಕೊಂಡು ಹೋದ್ರು. ಓಣಿ ಮಂದಿ 'ನೋಡಿ ನಡೀಬೇಕಿತ್ತು, ಹಣೇಬರಹ, ಬಿಡ್ರಿ' ಅಂತಾರ. ಇನ್ನೂ ಕೇಳಿದ್ರ ದುರಾಸಿ ಆಗತೈತೇನ್ರಿ?"
– ಹೆಸರು ಬೇಡ ಎಂದಿರುವ ಓದುಗರು, ಹಳೇ ಹುಬ್ಬಳ್ಳಿ

ಸಂಪಾದಕರ ಉತ್ತರ:

ಇಲ್ಲ, ದುರಾಸೆ ಆಗುವುದಿಲ್ಲ. ನಿಮ್ಮ ಪತ್ರ ಓದಿದಾಗ ಆ ಗುಂಡಿಗಿಂತ ಹೆಚ್ಚು ನೋವು ಕೊಟ್ಟದ್ದು ಈ ಕೊನೆಯ ಪ್ರಶ್ನೆ. ಗುಂಡಿ ತೋಡಿದವರು ಆರಾಮಾಗಿದ್ದಾರೆ, ಕೈ ಮುರಿದುಕೊಂಡವರು ಸಂಕೋಚಪಡುತ್ತಿದ್ದಾರೆ. ಯಾರೋ ತೋಡಿ, ಮುಚ್ಚದೆ, ಸುತ್ತ ಒಂದು ಹಗ್ಗವನ್ನೂ ಕಟ್ಟದೆ ಹೋದ ಗುಂಡಿಯನ್ನು ಬ್ರಹ್ಮನ ಲೆಕ್ಕಕ್ಕೆ ಬರೆಯಬೇಡಿ.

"ನೋಡಿ ನಡೀಬೇಕಿತ್ತು" ಎಂಬ ಮಾತನ್ನು ಎದುರು ವಕೀಲರೂ ಆಡುತ್ತಾರೆ, ಅದಕ್ಕೆ ತಯಾರಿರಿ. ಆದರೆ ಬಿದ್ದವರದೂ ಒಂದಿಷ್ಟು ಅಜಾಗರೂಕತೆ ಇತ್ತೆಂದು ನ್ಯಾಯಾಲಯಕ್ಕೆ ಅನ್ನಿಸಿದರೆ, ಸಾಮಾನ್ಯವಾಗಿ ಅಷ್ಟು ಪಾಲನ್ನು ಪರಿಹಾರದಲ್ಲಿ ಕಡಿಮೆ ಮಾಡುತ್ತದೆ. ಇಡೀ ಹಕ್ಕು ಹೋಗುವುದಿಲ್ಲ. ದೀಪವಿಲ್ಲದ ಬೀದಿಯಲ್ಲಿ ಸಂಜೆಹೊತ್ತು ಗುಂಡಿ ಕಾಣಲಿಲ್ಲ ಎಂಬುದು ನಿಮ್ಮ ತಾಯಿಯ ಪರವಾಗಿಯೇ ನಿಲ್ಲುವ ಸಂಗತಿ.

ಹೊಣೆ ಯಾರದು? ಗುಂಡಿ ತೋಡಿದ ಗುತ್ತಿಗೆದಾರನದು, ಕೆಲಸ ಕೊಟ್ಟ ಇಲಾಖೆಯದು, ರಸ್ತೆಯನ್ನು ಸುಸ್ಥಿತಿಯಲ್ಲಿಡಬೇಕಾದ ಸಂಸ್ಥೆಯದು. ಮೂವರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ. ಆದ್ದರಿಂದ ಮೂವರನ್ನೂ ಸೇರಿಸಿ ಕೇಳಬೇಕು. ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲೇ ಪಾಲಿಕೆಯನ್ನು ಹೊಣೆ ಮಾಡಿತು. ಗೋಪುರ ಬಿದ್ದದ್ದೇ ನಿರ್ಲಕ್ಷ್ಯವನ್ನು ಹೇಳುತ್ತದೆ ಎಂಬುದು ಅಲ್ಲಿನ ತತ್ವ. ನಮ್ಮ ಹೈಕೋರ್ಟ್ 2019ರಲ್ಲಿ ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು. ಇನ್ನು ನಮ್ಮೂರಿನದೇ ಮಾತು: 2024ರ ಸೆಪ್ಟೆಂಬರಿನಲ್ಲಿ ಮೇಲ್ಸೇತುವೆ ಕಾಮಗಾರಿಯಿಂದ ಕಬ್ಬಿಣ ತಲೆಯ ಮೇಲೆ ಬಿದ್ದು ಎಎಸ್‌ಐ ಒಬ್ಬರು ತೀರಿಕೊಂಡಾಗ ಅದನ್ನು ಹಣೆಬರಹವೆಂದು ಬಿಡಲಿಲ್ಲ, ಪೊಲೀಸರು ಪ್ರಕರಣ ದಾಖಲಿಸಿದರು. ರೊಟ್ಟಿ ಮಾಡುವ ಹೆಣ್ಣುಮಗಳ ಕೈಗೂ ಅದೇ ಕಾನೂನು.

ಈಗ ಆ ಕೈಯ ಮಾತಿಗೆ ಬರೋಣ. 5,000 ಕೊಟ್ಟವರು ಬಹುಶಃ ಎಕ್ಸ್‌ರೇ, ಪ್ಲಾಸ್ಟರ್, ಗುಳಿಗೆಯ ಲೆಕ್ಕ ಹಾಕಿದ್ದಾರೆ. ಕಾನೂನಿನ ಲೆಕ್ಕ ಬೇರೆ. ಚಿಕಿತ್ಸೆಯ ಖರ್ಚು, ದುಡಿಮೆ ನಿಂತ ದಿನಗಳ ಗಳಿಕೆ, ಓಡಾಟದ ಆಟೋ, ಮನೆಯಲ್ಲಿ ನೋಡಿಕೊಂಡವರ ಶ್ರಮ, ಅನುಭವಿಸಿದ ನೋವು, ಮುಂದೆ ಕಡಿಮೆಯಾಗುವ ದುಡಿಮೆ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ. ವೈದ್ಯರು ಬರೆಯುವ ಅಂಗವೈಕಲ್ಯದ ಶೇಕಡಾವಾರೇ ಗಳಿಕೆಯ ನಷ್ಟವಲ್ಲ. ಆ ವ್ಯಕ್ತಿ ಏನು ಕೆಲಸ ಮಾಡುತ್ತಿದ್ದ, ಈಗ ಅದನ್ನು ಮಾಡಬಲ್ಲನೇ ಎಂದು ನೋಡಬೇಕು. ಕೈ ಕಳೆದುಕೊಂಡ ಬಡಿಗ ದುಡಿಮೆಯನ್ನೇ ಕಳೆದುಕೊಳ್ಳಬಹುದು, ಗುಮಾಸ್ತ ಕಳೆದುಕೊಳ್ಳದೇ ಇರಬಹುದು. ಅದು ವಾಹನ ಅಪಘಾತದ ತೀರ್ಪು, ಆದರೆ ತರ್ಕ ನಿಮ್ಮ ತಾಯಿಗೂ ಹೊಂದುತ್ತದೆ. ಹಿಟ್ಟು ನಾದಲು, ರೊಟ್ಟಿ ಬಡಿಯಲು, ಹಂಚಿನ ಮೇಲೆ ತಿರುವಿಹಾಕಲು ಮಣಿಕಟ್ಟು ಬೇಕು. ಅದು ಪೂರ್ತಿ ಮಡಚದಿದ್ದರೆ ಕಾಗದದ ಮೇಲೆ ಸಣ್ಣದಾಗಿ ಕಾಣುವ ಅಂಕಿ ಆಕೆಯ ಮಟ್ಟಿಗೆ ಅರ್ಧ ಬದುಕು. ಸಂಬಳದ ಚೀಟಿ ಇಲ್ಲವೆಂದು ಹಿಂಜರಿಯಬೇಡಿ. ಖಾನಾವಳಿಯವರ ಲೆಕ್ಕದ ಪುಸ್ತಕ, ಫೋನ್‌ಪೇ ಜಮೆ, ಜೋಳ ಕೊಂಡ ಚೀಟಿ ಎಲ್ಲವೂ ಗಳಿಕೆಗೆ ಸಾಕ್ಷಿ. ಮಾರದೆ ಮನೆಗಷ್ಟೇ ರೊಟ್ಟಿ ಮಾಡುವವರಾಗಿದ್ದರೂ ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಸಹಿ ಮಾಡಿದ ಕಾಗದದ ಬಗ್ಗೆ ಹೆದರಬೇಡಿ. ಅದರಲ್ಲಿ ಏನು ಬರೆದಿದೆ ಎಂದು ಯಾರಾದರೂ ಓದಿ ಹೇಳಿದರೇ? ಪ್ರತಿ ಕೊಟ್ಟರೇ? ತಪ್ಪು ತಿಳಿವಳಿಕೆ ಕೊಟ್ಟು ಅಥವಾ ಅನುಚಿತ ಒತ್ತಡ ಹಾಕಿ ಪಡೆದ ಒಪ್ಪಿಗೆಯನ್ನು ರದ್ದುಗೊಳಿಸಲು 1872ರ ಕರಾರು ಕಾಯ್ದೆಯಲ್ಲಿ ಅವಕಾಶವಿದೆ. ಕೈ ಮುರಿದ ನೋವಿನಲ್ಲಿ, ಯಾರನ್ನೂ ಕೇಳಲು ಸಮಯ ಕೊಡದೆ ಹಾಕಿಸಿಕೊಂಡ ಸಹಿಯನ್ನು ಪ್ರಶ್ನಿಸಲು ಜಾಗವಿದೆ. ಪಡೆದ ಹಣವನ್ನು ಮಾತ್ರ ಬಚ್ಚಿಡಬೇಡಿ, ಅದು ಲೆಕ್ಕದಲ್ಲಿ ಕಳೆಯುತ್ತದೆ. ಇನ್ನು ಮುಂದೆ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಬೇಡ.

ಈ ವಾರವೇ ಮಾಡಬೇಕಾದ್ದು ಬೇರೆ ಇದೆ. ಗುಂಡಿ ಮುಚ್ಚುವ ಮೊದಲು, ಅಕ್ಕಪಕ್ಕದ ಅಂಗಡಿಯ ಫಲಕ ಕಾಣುವಂತೆ ಫೋಟೋ ತೆಗೆಯಿರಿ. ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿ ಹೋಗುವ ಮೊದಲು ಕೇಳಿ ಪಡೆಯಿರಿ. ಎತ್ತಿ ಆಟೋ ಹತ್ತಿಸಿದವರ ಹೆಸರು ಬರೆದಿಡಿ. ಆಸ್ಪತ್ರೆಯ ದಾಖಲೆಯಲ್ಲಿ "ಬಿದ್ದು ಗಾಯ" ಎಂದಷ್ಟೇ ಇದೆಯೋ, ಎಲ್ಲಿ, ಹೇಗೆ ಎಂದೂ ಇದೆಯೋ ನೋಡಿ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯ. ನಿರ್ಲಕ್ಷ್ಯದಿಂದ ಅದನ್ನು ಉಂಟುಮಾಡಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಠಾಣೆಯಲ್ಲಿ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕಾಮಗಾರಿ ಆದೇಶ ಮತ್ತು ಗುತ್ತಿಗೆ ಕರಾರಿನ ಪ್ರತಿ ಕೇಳಿ. ಬ್ಯಾರಿಕೇಡ್, ದೀಪ, ಮೂರನೆಯವರಿಗಾಗುವ ಹಾನಿಗೆ ವಿಮೆ ಎಂಬ ಷರತ್ತು ಅದರಲ್ಲಿದ್ದರೆ ನಿಮ್ಮ ಪ್ರಕರಣಕ್ಕೆ ಅದೇ ಬೆನ್ನೆಲುಬು.

ನಿಮ್ಮದು ಸಿವಿಲ್ ದಾವೆಯ ದಾರಿ, ಉದ್ದವಾದದ್ದು. ಇದನ್ನು ಮುಚ್ಚಿಟ್ಟು ಹೇಳಲಾರೆ. ವಾಹನ ಡಿಕ್ಕಿಯಾದವರಿಗೆ ಪ್ರತ್ಯೇಕ ನ್ಯಾಯಮಂಡಳಿಯಿದೆ, ಅಲ್ಲಿ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಹರಿದು ಬಿದ್ದ ವಿದ್ಯುತ್ ತಂತಿ ತಗುಲಿದರೆ ಸರಬರಾಜು ಕಂಪನಿಯ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಾಗಿಯೇ ಇಲ್ಲ, 2002ರ ಸುಪ್ರೀಂ ಕೋರ್ಟ್ ತೀರ್ಪಿದೆ. ಗುಂಡಿಗೆ ಬಿದ್ದವರಿಗೆ ಅಂಥ ಸಲೀಸಾದ ಬಾಗಿಲು ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ದಾವೆಗೆ ಸಾಮಾನ್ಯವಾಗಿ 3 ವರ್ಷದ ಅವಧಿ. ಆದರೆ ಎದುರಾಳಿ ಸರ್ಕಾರಿ ಸಂಸ್ಥೆಯಾದರೆ 1 ವರ್ಷವಷ್ಟೇ ಎಂಬ ವಾದ ಬರಬಹುದು, ಮುಂಗಡ ನೋಟಿಸನ್ನೂ ಕೊಡಬೇಕಾಗುತ್ತದೆ. ಹಾಗಾಗಿ ಕೈ ಕೂಡುವವರೆಗೆ ಕಾಯಬೇಡಿ.

ವಕೀಲರ ಖರ್ಚಿನ ಚಿಂತೆಗೆ ಉತ್ತರವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಕೋರ್ಟ್ ಶುಲ್ಕವೂ ಅದರಲ್ಲಿ ಸೇರಿದೆ. ತಾಯಿಯ ಹೆಸರಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಖಾಸಗಿ ವಕೀಲರ ಕಡೆಗೇ ಹೋಗುವುದಾದರೆ, ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀ ಗೊತ್ತುಮಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಹಾಗೆ ಕೇಳಿದವರನ್ನು ಬಿಟ್ಟು ಬೇರೆಯವರನ್ನು ನೋಡಿ.